ಕರ್ನೆಲ್ ತಿದ್ದುಪಡಿ ಮತ್ತು ರಿಗ್ರೆಶನ್ ವಿವಾದಗಳು

ಆಪರೇಟಿಂಗ್ ಸಿಸ್ಟಂನ ತಿರುಳು ಭಾಗ ಕರ್ನೆಲ್. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಮುಂತಾದವನ್ನು ಪ್ರೋಗ್ರಾಂಗಳಿಗೆ ಹಂಚಿಕೊಟ್ಟು, ಒಂದು ಇನ್ನೊಂದರ ಗಡಿ ದಾಟದಂತೆ ನೋಡಿಕೊಳ್ಳುವುದು ಅದರ ಕೆಲಸ. ಇಲ್ಲಿ ಮಾಡಿದ ಬದಲಾವಣೆಯಿಂದಾಗಿ, ಹಿಂದಿನ ಆವೃತ್ತಿಯಲ್ಲಿ ನೆಟ್ಟಗೆ ನಡೆಯುತ್ತಿದ್ದ ಪ್ರೋಗ್ರಾಂ ಕೆಟ್ಟರೆ, ನಿಧಾನವಾದರೆ ಅಥವಾ ಯಂತ್ರವೇ ಬೂಟ್ ಆಗದಿದ್ದರೆ ಅದಕ್ಕೆ ರಿಗ್ರೆಶನ್ ಎನ್ನುತ್ತಾರೆ. ಆ ಬದಲಾವಣೆ ಹೊಸ ಸೌಲಭ್ಯವಾಗಿರಬಹುದು, ಹಳೆಯ ದೋಷದ ತಿದ್ದುಪಡಿಯೂ ಆಗಿರಬಹುದು. ಎರಡನೆಯದು ಹೆಚ್ಚು ಇಕ್ಕಟ್ಟಿನದು. ತಿದ್ದುಪಡಿಯನ್ನು ಉಳಿಸಿಕೊಂಡರೆ ಒಬ್ಬರಿಗೆ ನಷ್ಟ, ತೆಗೆದುಹಾಕಿದರೆ ಇನ್ನೊಬ್ಬರಿಗೆ.

ಈ ತಕರಾರು ಎಲ್ಲ ಕರ್ನೆಲ್‌ಗಳಲ್ಲೂ ಇದ್ದದ್ದೇ. ಆದರೆ ಕಂಪನಿಗಳ ಒಳಗಿನ ವಾದಗಳು ಹೊರಗಿನವರ ಕಿವಿಗೆ ಬೀಳುವುದು ಅಪರೂಪ. ಲಿನಕ್ಸ್‌ನ ಪ್ಯಾಚ್‌ಗಳೂ (ಕೋಡ್‌ಗೆ ಕಳಿಸುವ ಬದಲಾವಣೆಗಳು) ಅವುಗಳ ಮೇಲಿನ ಜಗಳಗಳೂ ಬಹುಮಟ್ಟಿಗೆ ಬಹಿರಂಗವಾಗಿಯೇ ನಡೆಯುವುದರಿಂದ ಮೂರು ದಶಕಗಳ ದಾಖಲೆ ಉಳಿದಿದೆ. ಈ ಲೇಖನ ಮುಖ್ಯವಾಗಿ ಲಿನಕ್ಸ್ ಕುರಿತದ್ದು. ಕೋಡ್ ಸರಿಯೋ ತಪ್ಪೋ ಎಂಬ ಪ್ರಶ್ನೆ ಅಲ್ಲಿ ಸಾಮಾನ್ಯವಾಗಿ ಬೇಗ ಬಗೆಹರಿದಿದೆ. ತಪ್ಪಿನ ಹೊರೆ ಯಾರ ತಲೆಯ ಮೇಲೆ, ಎಷ್ಟು ದಿನ ಎಂಬ ವಿಚಾರವೇ ಹಟಕ್ಕೆ ಬಿದ್ದು ವರ್ಷಗಟ್ಟಲೆ ಎಳೆದಿದೆ.

ನಿಯಮ ಮತ್ತು ವೇಳಾಪಟ್ಟಿ

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ, ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಲಿನಕ್ಸ್ ಬರೆಯಲು ಆರಂಭಿಸಿದರು. ಮೊದಲ ದಶಕದಲ್ಲಿ ಆವೃತ್ತಿಗಳಿಗೆ ಸಮ-ಬೆಸದ ಲೆಕ್ಕವಿತ್ತು: 2.4 ಜನರ ಬಳಕೆಗೆ, 2.5 ಪ್ರಯೋಗಕ್ಕೆ. ಬೆಸ ಸಂಖ್ಯೆಯದನ್ನು ಹಾಕಿಕೊಂಡವರು ಯಂತ್ರ ಕೆಟ್ಟರೆ ದೂರುವಂತಿರಲಿಲ್ಲ. 2003ರ ಡಿಸೆಂಬರ್‌ನಲ್ಲಿ 2.6.0 ಬಂದ ಮೇಲೆ, 2004ರ ಹೊತ್ತಿಗೆ, ಈ ವಿಂಗಡಣೆಯನ್ನು ಕೈಬಿಟ್ಟರು. ಹೊಸ ಕೋಡ್ ನೇರವಾಗಿ ಮುಖ್ಯ ಆವೃತ್ತಿಗೇ ಬರತೊಡಗಿತು. ಈಗ ಸುಮಾರು ಒಂಬತ್ತು-ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಹೊರಬೀಳುತ್ತದೆ. ಮೊದಲ ಎರಡು ವಾರದ ಮರ್ಜ್ ವಿಂಡೋದಲ್ಲಿ ಹೊಸ ಸೌಲಭ್ಯಗಳು ಒಳಬರುತ್ತವೆ. ಆಮೇಲೆ ವಾರಕ್ಕೊಂದು ಆರ್‌ಸಿ, ಅಂದರೆ ಬಿಡುಗಡೆಗೆ ಮುಂಚಿನ ಕರಡು. ಆ ವಾರಗಳಲ್ಲಿ ತಿದ್ದುಪಡಿಗಳಿಗೆ ಮಾತ್ರ ಪ್ರವೇಶ. ಒಂದೊಂದು ಆವೃತ್ತಿಯಲ್ಲೂ ಹತ್ತು ಸಾವಿರಕ್ಕಿಂತ ಹೆಚ್ಚು ಬದಲಾವಣೆಗಳಿರುತ್ತವೆ.

ಪ್ರಯೋಗದ ಶಾಖೆ ಇಲ್ಲವಾದ್ದರಿಂದ ಜನಸಾಮಾನ್ಯರು ಹೊಸ ಕೋಡನ್ನು ಎರಡು-ಮೂರು ತಿಂಗಳಿಗೊಮ್ಮೆ ಎದುರಿಸಬೇಕಾಯಿತು. ಹಳೆಯದು ಕೆಡುವುದಿಲ್ಲ ಎಂಬ ಖಾತರಿ ಇರದಿದ್ದರೆ ಯಾರೂ ಕರ್ನೆಲ್ ಬದಲಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಟೋರ್ವಾಲ್ಡ್ಸ್ ಪಟ್ಟು ಹಿಡಿದು ಪಾಲಿಸುವ, ಬಳಕೆದಾರರ ಪ್ರೋಗ್ರಾಂಗಳನ್ನು ಕೆಡಿಸಬಾರದು ಎಂಬ ನಿಯಮದ ಬಲ ಇರುವುದು ಇಲ್ಲಿ. ಪ್ರೋಗ್ರಾಂ ಹಳೆಯ ಕರ್ನೆಲ್‌ನಲ್ಲಿ ನಡೆದು ಹೊಸದರಲ್ಲಿ ನಿಂತರೆ ದೋಷ ಕರ್ನೆಲ್‌ನದೇ. ಪ್ರೋಗ್ರಾಂ ಅಡ್ಡಾದಿಡ್ಡಿ ಬರೆದದ್ದಾಗಿದ್ದರೂ ಲೆಕ್ಕಕ್ಕಿಲ್ಲ. 2012ರ ಡಿಸೆಂಬರ್‌ನಲ್ಲಿ ಮೀಡಿಯಾ ವಿಭಾಗದ ಒಂದು ಬದಲಾವಣೆಯಿಂದ ಕರ್ನೆಲ್ ಬೇರೊಂದು ದೋಷಸಂಖ್ಯೆ ಹಿಂದಿರುಗಿಸತೊಡಗಿ, ಪಲ್ಸ್‌ಆಡಿಯೊ ಮುಂತಾದವು ತೊಂದರೆಗೆ ಸಿಲುಕಿದವು. ದೋಷ ಆ ಪ್ರೋಗ್ರಾಂಗಳದ್ದಿರಬಹುದು ಎಂದ ಮೇಂಟೇನರ್‌ಗೆ, ಅಂದರೆ ಆ ವಿಭಾಗದ ಉಸ್ತುವಾರಿಗೆ, ಟೋರ್ವಾಲ್ಡ್ಸ್ ಬರೆದ ಉತ್ತರ ಎಷ್ಟು ಕಟುವಾಗಿತ್ತೆಂದರೆ, ನಿಯಮಕ್ಕೆ ಉದಾಹರಣೆಯಾಗಿಯೂ ಒರಟುತನಕ್ಕೆ ಉದಾಹರಣೆಯಾಗಿಯೂ ಅದನ್ನು ಇಂದಿಗೂ ತೋರಿಸುತ್ತಾರೆ.

ನಿಯಮಕ್ಕೆ ಅಂಚುಗಳಿವೆ, ಜಗಳ ಹೆಚ್ಚಾಗಿ ಅಲ್ಲೇ. ಕರ್ನೆಲ್‌ನ ಒಳಗಿನ ಫಂಕ್ಷನ್‌ಗಳಿಗೆ ಈ ರಕ್ಷಣೆಯಿಲ್ಲ. 5.0 ಆವೃತ್ತಿಯ ತಯಾರಿಯಲ್ಲಿ ಅಂಥದೊಂದನ್ನು ಹೊರಗಿನ ಮಾಡ್ಯೂಲ್‌ಗಳಿಗೆ ಸಿಗದಂತೆ ಮಾಡಿದಾಗ ಝಡ್‌ಎಫ್‌ಎಸ್ ಫೈಲ್ ಸಿಸ್ಟಂ ಪೆಟ್ಟು ತಿಂದಿತು. ಕರ್ನೆಲ್‌ನ ಮೂಲ ಸಂಗ್ರಹದೊಳಗೆ ಇಲ್ಲದ ಕೋಡ್‌ಗಾಗಿ ತಾವು ಕಾಯುವುದಿಲ್ಲ ಎಂಬ ಉತ್ತರವಷ್ಟೇ ಸಿಕ್ಕಿತು. ಇನ್ನೊಂದು ಅಂಚು: ಕೆಟ್ಟದ್ದನ್ನು ಯಾರೂ ಗಮನಿಸದಿದ್ದರೆ ಅದು ರಿಗ್ರೆಶನ್ ಅಲ್ಲ. ಇದನ್ನು ತಿರುಗಿಸಿ ನೋಡಿದರೆ, ಯಾರಾದರೂ ನೆಚ್ಚಿಕೊಂಡದ್ದೆಲ್ಲ ಕಾಯಂ ಆಗಿಬಿಡುತ್ತದೆ. 2011ರಲ್ಲಿ ಹೀಗೇ ಆಯಿತು. ಕರ್ನೆಲ್‌ನ ನಡೆಯನ್ನು ಇಣುಕಿ ನೋಡಲೆಂದು ಇಟ್ಟಿದ್ದ ಟ್ರೇಸ್‌ಪಾಯಿಂಟ್‌ಗಳಿಂದ ಬಳಕೆ ತಪ್ಪಿದ ಒಂದು ಕಾಲಂ ತೆಗೆದರೆ ಪವರ್‌ಟಾಪ್ ಎಂಬ ಉಪಕರಣ ಕೆಟ್ಟಿತು. ಆ ಜಾಗವನ್ನು ಖಾಲಿಯಾಗಿಯಾದರೂ ಮರಳಿ ತುಂಬಬೇಕಾಯಿತು. ಕೆಲವು ಹಿರಿಯ ಮೇಂಟೇನರ್‌ಗಳು ತಮ್ಮ ವಿಭಾಗದಲ್ಲಿ ಟ್ರೇಸ್‌ಪಾಯಿಂಟ್‌ಗಳಿಗೆ ಜಾಗವನ್ನೇ ಕೊಡದಿರಲು ಕಾರಣ ಈ ಭಯ.

ರಿಗ್ರೆಶನ್‌ಗಳ ಲೆಕ್ಕ ಇಡುವುದು ಯಾರಿಗೂ ಬೇಡವಾದ ಕೆಲಸ. ಏಡ್ರಿಯನ್ ಬಂಕ್ ಅದನ್ನು ಮಾಡುತ್ತಿದ್ದರು. ಗೊತ್ತಿದ್ದ ರಿಗ್ರೆಶನ್‌ಗಳನ್ನು ಹೊತ್ತುಕೊಂಡೇ 2.6.21 ಬಿಡುಗಡೆಯಾದಾಗ, 2007ರಲ್ಲಿ, ಬೇಸತ್ತು ಬಿಟ್ಟರು. ನಂತರ ರಾಫೇಲ್ ವೈಸಾಕಿ ಕೆಲ ವರ್ಷ ನಡೆಸಿದರು. ಥಾರ್ಸ್ಟನ್ ಲೀಮ್‌ಹ್ಯೂಸ್ 2021ರಲ್ಲಿ ರೆಗ್ಝ್‌ಬಾಟ್ ಎಂಬ ಪ್ರೋಗ್ರಾಂನೊಂದಿಗೆ ಅದನ್ನು ಮತ್ತೆ ಕೈಗೆತ್ತಿಕೊಂಡರು.

ದೋಷ ಯಾರದು?

2009ರ ಆರಂಭದಲ್ಲಿ ಎಕ್ಸ್ಟ್4 ಫೈಲ್ ಸಿಸ್ಟಂ ಹಾಕಿಕೊಂಡಿದ್ದ ಉಬುಂಟು ಪರೀಕ್ಷಕರು, ಯಂತ್ರ ಹಠಾತ್ತನೆ ನಿಂತು ಮತ್ತೆ ಎದ್ದಾಗ ತಮ್ಮ ಹಲವು ಫೈಲ್‌ಗಳು ಸೊನ್ನೆ ಗಾತ್ರಕ್ಕಿಳಿದದ್ದನ್ನು ಕಂಡರು. ಹಿಂದಿನ ಎಕ್ಸ್ಟ್3 ಸಾಮಾನ್ಯವಾಗಿ ಐದು ಸೆಕೆಂಡಿಗೊಮ್ಮೆ ಡಿಸ್ಕಿಗೆ ಬರೆಯುತ್ತಿತ್ತು. ವೇಗಕ್ಕಾಗಿ ಎಕ್ಸ್ಟ್4 ಜಾಗ ಗೊತ್ತುಮಾಡುವುದನ್ನೇ ಮುಂದೂಡುತ್ತಿದ್ದರಿಂದ, ಫೈಲ್‌ನ ಹೆಸರು ಡಿಸ್ಕಿಗೆ ಹೋಗಿ ಒಳಗಿನ ಮಾಹಿತಿ ಮೆಮೊರಿಯಲ್ಲೇ ಉಳಿಯುವ ಅವಧಿ ಬಹಳ ಹಿಗ್ಗಿತು. ಅದರ ಮುಖ್ಯ ಕರ್ತೃ ಥಿಯೊಡೋರ್ ಚೋ ಅವರ ವಾದ ಶಾಸ್ತ್ರೀಯವಾಗಿತ್ತು: ಪೋಸಿಕ್ಸ್ ಮಾನದಂಡ ಇಂಥ ಭರವಸೆ ಕೊಟ್ಟೇ ಇಲ್ಲ, ಮಾಹಿತಿ ಉಳಿಯಬೇಕೆಂದರೆ ಪ್ರೋಗ್ರಾಂ ಬರೆದವರು, ಈಗಲೇ ಡಿಸ್ಕಿಗೆ ಬರೆ ಎನ್ನುವ ಎಫ್‌ಸಿಂಕ್ ಕರೆಯಬೇಕು. ಆದರೆ ಎಫ್‌ಸಿಂಕ್ ಕರೆದವರ ಪಾಡನ್ನು ಜನ ಆಗಲೇ ನೋಡಿದ್ದರು. ಹಿಂದಿನ ವರ್ಷವೇ ಫೈರ್‌ಫಾಕ್ಸ್ 3 ಅದನ್ನು ಪದೇಪದೇ ಕರೆದು, ಎಕ್ಸ್ಟ್3 ಪ್ರತಿ ಸಲವೂ ಬಾಕಿಯಿದ್ದದ್ದನ್ನೆಲ್ಲ ಡಿಸ್ಕಿಗೆ ಸುರಿಯುವುದರಿಂದ ಯಂತ್ರಗಳು ತೆವಳಿದ್ದವು. ಹಳೆಯ ಫೈಲ್ ಸಿಸ್ಟಂ ಕಲಿಸಿದ ಅಭ್ಯಾಸಕ್ಕೆ ಹೊಸದು ಶಿಕ್ಷೆ ಕೊಟ್ಟಂತಾಯಿತು. ಮಾನದಂಡದ ವಾದವನ್ನು ಚೋ ಬಿಡಲಿಲ್ಲ. ಆದರೂ ಹಳೆಯ ಫೈಲ್‌ನ ಜಾಗಕ್ಕೆ ಹೊಸದನ್ನು ತರುವ ಸಾಮಾನ್ಯ ಮಾದರಿಗಳನ್ನು ಗುರುತಿಸಿ ಬೇಗ ಬರೆಯುವ ವ್ಯವಸ್ಥೆಯನ್ನು 2.6.30ರಲ್ಲಿ ಸೇರಿಸಿದರು. ವಾದದಲ್ಲಿ ಗೆದ್ದವರೇ ಕೋಡ್‌ನಲ್ಲಿ ಬಗ್ಗಿದ ಪ್ರಕರಣ ಇದು.

ಅದೇ ವರ್ಷದ ಜುಲೈನಲ್ಲಿ ಹೀಗೆ ಬಗ್ಗಲು ಒಪ್ಪದವರೊಬ್ಬರು ಹೊರನಡೆದರು. ಆಲನ್ ಕಾಕ್ಸ್ ಲಿನಕ್ಸ್‌ನ ಮೊದಲ ವರ್ಷಗಳಿಂದಲೂ ಇದ್ದವರು, ಟರ್ಮಿನಲ್ ವಿಭಾಗದ ಮೇಂಟೇನರ್. ಯಾರೂ ಮುಟ್ಟಲು ಹೆದರುವ ಆ ಹಳೆಯ ಕೋಡನ್ನು ಶುಚಿಗೊಳಿಸುತ್ತಿದ್ದಾಗ ಈಮ್ಯಾಕ್ಸ್‌ನಲ್ಲಿ ತೊಂದರೆ ಕಾಣಿಸಿತು. ಕರ್ನೆಲ್ ಎಂದೂ ಕೊಡದ ಭರವಸೆಯನ್ನು ಪ್ರೋಗ್ರಾಂಗಳು ನಂಬಿವೆ ಎಂಬುದು ಕಾಕ್ಸ್ ನಿಲುವು. ನಿನ್ನೆ ನಡೆಯುತ್ತಿತ್ತಲ್ಲ ಎಂಬುದು ಟೋರ್ವಾಲ್ಡ್ಸ್ ನಿಲುವು. ಹಾಗಾದರೆ ನೀವೇ ಸರಿಪಡಿಸಿಕೊಳ್ಳಿ ಎಂಬರ್ಥದ ಮಾತು ಬರೆದು ಕಾಕ್ಸ್ ಆ ಹೊಣೆಯಿಂದ ಕೆಳಗಿಳಿದರು. ನಿಯಮದ ಪ್ರಕಾರ ಟೋರ್ವಾಲ್ಡ್ಸ್ ಸರಿ. ಆದರೆ ಹಳೆಯ ಕೋಡನ್ನು ಶುಚಿಮಾಡಲು ಮುಂದೆ ಬರುವವರೇ ವಿರಳವಾದ ಕಡೆ, ಬಂದವರೊಬ್ಬರನ್ನು ಕಳೆದುಕೊಂಡ ಬೆಲೆಯನ್ನು ಈ ನಿಯಮ ಲೆಕ್ಕ ಹಾಕುವುದಿಲ್ಲ.

ಯಾರೂ ತಪ್ಪು ಮಾಡದೆಯೂ ರಿಗ್ರೆಶನ್ ಹುಟ್ಟಬಹುದು ಎಂಬುದಕ್ಕೆ 2019ರ ಸೆಪ್ಟೆಂಬರ್‌ನ ಪ್ರಕರಣಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. 5.3ರ ತಯಾರಿಯಲ್ಲಿ ಎಕ್ಸ್ಟ್4ಗೆ ಒಂದು ಸಣ್ಣ ಸುಧಾರಣೆ ಬಂದಿತ್ತು. ಡಿಸ್ಕಿನಲ್ಲಿ ಅಕ್ಕಪಕ್ಕ ಇರುವ ಐನೋಡ್ ಬ್ಲಾಕ್‌ಗಳನ್ನು ಒಂದೊಂದಾಗಿ ಕೇಳುವ ಬದಲು ಒಟ್ಟುಗೂಡಿಸಿ ಕೇಳುವುದು. ಇದರಿಂದ ಡಿಸ್ಕಿನ ಓಡಾಟ ಕಡಿಮೆಯಾಯಿತು. ಡಿಸ್ಕ್ ಕೆಲಸ ಮುಗಿಸಿದಾಗಲೆಲ್ಲ ಪ್ರೊಸೆಸರ್‌ಗೆ ಇಂಟರಪ್ಟ್ ಬರುತ್ತದೆ. ಆ ಇಂಟರಪ್ಟ್‌ಗಳ ಸಮಯದ ಏರುಪೇರಿನಿಂದಲೇ ಕರ್ನೆಲ್ ತನ್ನ ಯಾದೃಚ್ಛಿಕ ಸಂಖ್ಯೆಗಳಿಗೆ ಬೇಕಾದ ಎಂಟ್ರೊಪಿ, ಅಂದರೆ ಊಹಿಸಲಾಗದ ಅನಿಶ್ಚಿತತೆ, ಕೂಡಿಸುತ್ತಿತ್ತು. ಓಡಾಟ ಇಳಿದದ್ದರಿಂದ ಎಂಟ್ರೊಪಿಯೂ ಇಳಿಯಿತು. ಸಾಕಷ್ಟು ಎಂಟ್ರೊಪಿ ಇಲ್ಲದಿದ್ದರೆ ಗೆಟ್‌ರ್‍ಯಾಂಡಮ್ ಎಂಬ ಸಿಸ್ಟಂ ಕಾಲ್ ಕಾಯುತ್ತ ಕೂರುತ್ತದೆ. 2014ರಲ್ಲಿ ಬಂದಾಗಿನಿಂದಲೂ ಅದರ ವಿನ್ಯಾಸ ಹಾಗೆಯೇ. ಬೂಟ್ ಆಗುವಾಗ ಲಾಗಿನ್ ಪರದೆ ತೋರಿಸುವ ಪ್ರೋಗ್ರಾಂ ಅದನ್ನು ಕರೆದು ಕಾಯತೊಡಗಿತು. ಅದು ಕಾಯುತ್ತಿದ್ದುದರಿಂದ ಯಂತ್ರದಲ್ಲಿ ಬೇರೆ ಚಟುವಟಿಕೆ ಇಲ್ಲ, ಚಟುವಟಿಕೆ ಇಲ್ಲದ್ದರಿಂದ ಎಂಟ್ರೊಪಿ ಇಲ್ಲ. ಒಂದು ಲ್ಯಾಪ್‌ಟಾಪ್ ಬೂಟ್ ಆಗದೆ ನಿಂತದ್ದನ್ನು ಅಹಮದ್ ದರ್ವೀಶ್ ಎಂಬ ಡೆವಲಪರ್ ಹುಡುಕುತ್ತ ಹೋಗಿ ಈ ಸರಪಳಿಯನ್ನು ಬಿಡಿಸಿದರು.

ಎಕ್ಸ್ಟ್4 ಬದಲಾವಣೆ ಸರಿಯಾಗಿತ್ತು. ಗೆಟ್‌ರ್‍ಯಾಂಡಮ್ ಹೇಳಿದಂತೆಯೇ ನಡೆದುಕೊಂಡಿತ್ತು. ಲಾಗಿನ್ ಪ್ರೋಗ್ರಾಂ ಅಷ್ಟು ಬೇಗ ಅಷ್ಟು ಗಟ್ಟಿಯಾದ ಸಂಖ್ಯೆ ಕೇಳಬಾರದಿತ್ತು ಎನ್ನಬಹುದಾದರೂ ಅದು ಕೇಳಿದ್ದು ನಿಯಮಬದ್ಧವಾಗಿಯೇ. ಬೂಟ್ ಆಗುವಾಗ ಸೇವೆಗಳನ್ನು ಚಾಲೂ ಮಾಡುವ ಸಿಸ್ಟಂಡಿಯ ಲೆನಾರ್ಟ್ ಪೊಟರಿಂಗ್ ಸೇರಿದಂತೆ ಹಲವರು ಚರ್ಚೆಗಿಳಿದರು. ಕಾಯುವುದನ್ನೇ ಬಿಟ್ಟರೆ ದುರ್ಬಲ ಕೀಲಿಗಳು ಹುಟ್ಟಿ ಭದ್ರತೆ ಹೋಗುತ್ತದೆ ಎಂಬ ಆತಂಕ ಒಂದು ಕಡೆ, ಏಳದ ಯಂತ್ರಕ್ಕೆ ಭದ್ರತೆ ಇದ್ದೇನು ಫಲ ಎಂಬ ಸಿಡುಕು ಇನ್ನೊಂದು ಕಡೆ. ಸೆಪ್ಟೆಂಬರ್ 15ರಂದು 5.3 ಬಿಡುಗಡೆ ಮಾಡುವ ಮುನ್ನ ಟೋರ್ವಾಲ್ಡ್ಸ್ ಎಕ್ಸ್ಟ್4 ಬದಲಾವಣೆಯನ್ನು ರಿವರ್ಟ್ ಮಾಡಿದರು, ಅಂದರೆ ಹಿಂತೆಗೆದರು. ತೆಗೆದದ್ದರಲ್ಲಿ ದೋಷವಿರಲಿಲ್ಲ, ಅದು ಮರಳಿ ಬರುತ್ತದೆ ಎಂದು ಬಿಡುಗಡೆಯ ಟಿಪ್ಪಣಿಯಲ್ಲೇ ವಿವರಿಸಿದರು. 5.4ರಲ್ಲಿ, ಕಾಯಬೇಕಾಗಿ ಬಂದಾಗ ಪ್ರೊಸೆಸರ್‌ನ ಸಮಯದ ಸೂಕ್ಷ್ಮ ಕದಲಿಕೆಯಿಂದ ಕರ್ನೆಲ್ ತಾನೇ ಎಂಟ್ರೊಪಿ ಹುಟ್ಟಿಸಿಕೊಳ್ಳುವ ಏರ್ಪಾಡಾಯಿತು. ಎಕ್ಸ್ಟ್4 ಸುಧಾರಣೆಯೂ ಮರಳಿತು. ರಿವರ್ಟ್ ಆದ ಪ್ಯಾಚ್‌ನ ಕರ್ತೃವಿಗೆ ಅವಮಾನ ಎಂದು ಭಾವಿಸುವ ರೂಢಿ ಡೆವಲಪರ್‌ಗಳಲ್ಲಿದೆ. ಅದು ತಪ್ಪೊಪ್ಪಿಗೆಯಲ್ಲ, ಸಮಯ ಕೊಳ್ಳುವ ಉಪಾಯ ಎಂದು ಇಷ್ಟು ಚೆನ್ನಾಗಿ ತೋರಿಸಿದ ಪ್ರಕರಣ ಇನ್ನೊಂದಿಲ್ಲ.

ಯಾವುದು ತಿದ್ದುಪಡಿ?

ಆರ್‌ಸಿ ವಾರಗಳಲ್ಲಿ ತಿದ್ದುಪಡಿಗೆ ಮಾತ್ರ ಪ್ರವೇಶ ಎಂದ ಕೂಡಲೇ, ತಿದ್ದುಪಡಿ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯ ಮೇಲೆ ಒಂದು ಇಡೀ ಫೈಲ್ ಸಿಸ್ಟಂ ಕರ್ನೆಲ್‌ನಿಂದ ಹೊರಬಿದ್ದಿದೆ. ಕೆಂಟ್ ಓವರ್‌ಸ್ಟ್ರೀಟ್ ಅವರ ಬಿಕ್ಯಾಶ್‌ಎಫ್‌ಎಸ್, ವರ್ಷಗಳ ಕಾಯುವಿಕೆಯ ನಂತರ, 2024ರ ಜನವರಿಯಲ್ಲಿ ಬಿಡುಗಡೆಯಾದ 6.7ರಲ್ಲಿ ಒಳಬಂತು. ಪ್ರಾಯೋಗಿಕ ಎಂಬ ಹಣೆಪಟ್ಟಿ ಇದ್ದರೂ ಜನ ತಮ್ಮ ನಿಜವಾದ ಮಾಹಿತಿಯನ್ನು ಅದರಲ್ಲಿ ಇಡತೊಡಗಿದರು. ಆಗಸ್ಟ್‌ನಲ್ಲಿ, 6.11ರ ಆರ್‌ಸಿ ಹಂತ ಅರ್ಧ ದಾಟಿದ್ದಾಗ, ಓವರ್‌ಸ್ಟ್ರೀಟ್ ಸಾವಿರಕ್ಕೂ ಹೆಚ್ಚು ಸಾಲಿನ ಬದಲಾವಣೆಗಳನ್ನು ತಿದ್ದುಪಡಿಗಳೆಂದು ಕಳಿಸಿದರು. ಅದರಲ್ಲಿ ಫೈಲ್ ಸಿಸ್ಟಂನ ಆಚೆಗಿನ ಕೋಡೂ ಇತ್ತು. ಇದು ಅತಿಯಾಯಿತು ಎಂದು ಟೋರ್ವಾಲ್ಡ್ಸ್ ನಿರಾಕರಿಸಿದರು. ಈ ಫೈಲ್ ಸಿಸ್ಟಂ ಸೇರಿಸಿಕೊಂಡದ್ದಕ್ಕೇ ಪಶ್ಚಾತ್ತಾಪವಾಗುತ್ತಿದೆ ಎಂಬ ಮಾತೂ ಬಂತು.

ಇಬ್ಬರ ವಾದವೂ ಟೊಳ್ಳಲ್ಲ. ಮಾಹಿತಿ ಕಳೆದುಕೊಳ್ಳುವ ಅಪಾಯದಲ್ಲಿರುವ ಬಳಕೆದಾರರಿಗೆ ಎರಡು ತಿಂಗಳು ಕಾಯಿರಿ ಎನ್ನಲಾಗದು, ತನ್ನ ಪರೀಕ್ಷೆಗಳು ಗಟ್ಟಿಯಾಗಿವೆ ಎಂಬುದು ಓವರ್‌ಸ್ಟ್ರೀಟ್ ಮಾತು. ಪರೀಕ್ಷೆ ಎಷ್ಟೇ ಗಟ್ಟಿಯಿರಲಿ, ಕೊನೆಯ ವಾರಗಳಲ್ಲಿ ಸಾವಿರ ಸಾಲು ಬದಲಾದರೆ ಹೊಸ ರಿಗ್ರೆಶನ್ ಖಂಡಿತ, ಆಮೇಲೆ ವೇಳಾಪಟ್ಟಿಗೇ ಅರ್ಥವಿಲ್ಲ ಎಂಬುದು ಎದುರಿನವರದು. 2025ರ ಜೂನ್‌ನಲ್ಲಿ ಜಗಳ ಮತ್ತೆ ಎದ್ದಿತು. ಕೆಟ್ಟುಹೋದ ಫೈಲ್ ಸಿಸ್ಟಂನ ಜರ್ನಲನ್ನು ಹಿಂದಕ್ಕೆ ಸುತ್ತಿ ಕಳೆದದ್ದನ್ನು ಪಡೆಯುವ ಒಂದು ಆಯ್ಕೆಯನ್ನು 6.16ರ ಆರ್‌ಸಿ ವಾರಗಳಲ್ಲಿ ಕಳಿಸಲಾಯಿತು. ಮಾಹಿತಿ ಉಳಿಸುವುದರಿಂದ ಅದು ತಿದ್ದುಪಡಿ ಎಂದರು ಓವರ್‌ಸ್ಟ್ರೀಟ್. ಮುಂಚೆ ಇಲ್ಲದ್ದು ಬಂದರೆ ಅದು ಹೊಸ ಸೌಲಭ್ಯ ಎಂದರು ಉಳಿದವರು. ಟೋರ್ವಾಲ್ಡ್ಸ್ ಅದನ್ನು ಸೇರಿಸಿಕೊಂಡರು, ಜೊತೆಗೇ 6.17ರ ಹೊತ್ತಿಗೆ ನಮ್ಮ ದಾರಿ ಬೇರೆಯಾಗುತ್ತದೆಂಬ ಸೂಚನೆ ಕೊಟ್ಟರು. 6.17ರಲ್ಲಿ ಬಿಕ್ಯಾಶ್‌ಎಫ್‌ಎಸ್‌ಗೆ ಹೊರಗಿನ ನಿರ್ವಹಣೆಯದು ಎಂಬ ಗುರುತು ಬಿತ್ತು; 6.18ರಲ್ಲಿ ಕೋಡನ್ನೇ ತೆಗೆದರು. ಈಗ ಅದು ಪ್ರತ್ಯೇಕ ಮಾಡ್ಯೂಲ್ ಆಗಿ ಬದುಕುತ್ತಿದೆ. ತಾಂತ್ರಿಕ ಗುಣದ ಬಗ್ಗೆ ಇಲ್ಲಿ ತೀರ್ಪೇ ಆಗಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ವೇಳಾಪಟ್ಟಿಯನ್ನು ಯಾರು ಬಗ್ಗಿಸಬಹುದು ಎಂಬುದಷ್ಟೇ ತೀರ್ಮಾನವಾಯಿತು.

ಸ್ಟೇಬಲ್ ಶಾಖೆಯ ಗೊಂದಲ

ಮುಖ್ಯ ಕರ್ನೆಲ್‌ನ ತಿದ್ದುಪಡಿಗಳನ್ನು ಈಗಾಗಲೇ ಬಿಡುಗಡೆಯಾದ ಆವೃತ್ತಿಗಳಿಗೆ ತಲುಪಿಸುವ ಸ್ಟೇಬಲ್ ಶಾಖೆಯನ್ನು 2005ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಆರಂಭಿಸಿದರು. ಬರೆದಿಟ್ಟ ನಿಯಮಗಳ ಪ್ರಕಾರ ಪ್ಯಾಚ್ 100 ಸಾಲು ಮೀರಬಾರದು, ಮೊದಲು ಮುಖ್ಯ ಕರ್ನೆಲ್‌ನಲ್ಲಿ ಬಂದಿರಬೇಕು, ನಿಜವಾದ ತೊಂದರೆಯನ್ನು ಸರಿಪಡಿಸುವಂತಿರಬೇಕು. ಆಚರಣೆ ಇದಕ್ಕಿಂತ ಬಹಳ ಸಡಿಲ. ತಮ್ಮ ತಿದ್ದುಪಡಿ ಸ್ಟೇಬಲ್‌ಗೂ ಹೋಗಲಿ ಎಂದು ಗುರುತು ಹಾಕದ ಡೆವಲಪರ್‌ಗಳೇ ಬಹಳ ಇರುವುದರಿಂದ, ಸಾಶಾ ಲೆವಿನ್ ಯಂತ್ರಕಲಿಕೆಯ ನೆರವಿನಿಂದ ತಿದ್ದುಪಡಿಯಂತೆ ಕಾಣುವ ಪ್ಯಾಚ್‌ಗಳನ್ನು ಆರಿಸತೊಡಗಿದರು. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂನವರು ನಮ್ಮ ಕಡೆ ಇದು ಬೇಡ ಎಂದರು. ಪರೀಕ್ಷಿಸದೆ ಒಂದು ಪ್ಯಾಚ್ ಹಿಂದಕ್ಕೆ ಒಯ್ದರೆ, ಅದು ನೆಚ್ಚಿಕೊಂಡ ಇನ್ನೊಂದು ಪ್ಯಾಚ್ ಅಲ್ಲಿ ಇಲ್ಲದಿರಬಹುದು ಎಂಬುದು ಅವರ ಅಂಜಿಕೆ.

ಅದು ಬರಿಯ ಅಂಜಿಕೆಯಾಗಿ ಉಳಿಯಲಿಲ್ಲ, ಪೆಟ್ಟು ಬಿದ್ದದ್ದು ಮಾತ್ರ ಎಕ್ಸ್ಟ್4ಗೆ. 2023ರ ಕೊನೆಯಲ್ಲಿ 6.1.64ಕ್ಕೆ ಒಂದು ಎಕ್ಸ್ಟ್4 ತಿದ್ದುಪಡಿಯನ್ನು ತಂದರು. ಅದಕ್ಕೆ ಮುಂಚೆ ಬರಬೇಕಿದ್ದ ಬದಲಾವಣೆ ಆ ಶಾಖೆಯಲ್ಲಿರಲಿಲ್ಲ. ಮುಖ್ಯ ಕರ್ನೆಲ್‌ನಲ್ಲಿ ದೋಷ ನೀಗಿದ ಅದೇ ಪ್ಯಾಚ್ ಇಲ್ಲಿ ಮಾಹಿತಿಯನ್ನೇ ಕೆಡಿಸುವಂತಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ಡೆಬಿಯನ್ 12.3ರ ಬಿಡುಗಡೆಯನ್ನು ತಡೆಹಿಡಿದು, ಸರಿಪಡಿಸಿದ ಕರ್ನೆಲ್‌ನೊಂದಿಗೆ ಡಿಸೆಂಬರ್ 10ರಂದು ನೇರವಾಗಿ 12.4 ಹೊರತಂದರು. ಇಷ್ಟಾದರೂ ಸ್ಟೇಬಲ್ ನಡೆಸುವವರ ಮೂಲ ತರ್ಕ ಬದಲಾಗಿಲ್ಲ: ತಂದ ಪ್ಯಾಚ್‌ಗಳಿಂದ ಆಗುವ ಹಾನಿಗಿಂತ ತರದೆ ಬಿಟ್ಟವುಗಳಿಂದ ಆಗುವ ಹಾನಿ ಹೆಚ್ಚು. ಇದನ್ನು ಲೆಕ್ಕ ಹಾಕಿ ಸಾಧಿಸುವುದೂ ಕಷ್ಟ, ಅಲ್ಲಗಳೆಯುವುದೂ ಕಷ್ಟ.

ಇಂಥ ಚರ್ಚೆಗಳ ದನಿಯೂ ಒಂದು ವಿವಾದವಾಗಿತ್ತು. 2013ರ ಜುಲೈನಲ್ಲಿ, ಸ್ಟೇಬಲ್‌ಗೆ ಯಾವ ತಿದ್ದುಪಡಿ ಯಾವಾಗ ಕಳಿಸಬೇಕು ಎಂಬ ಮಾತಿನ ನಡುವೆಯೇ ಯುಎಸ್‌ಬಿ 3 ವಿಭಾಗದ ಸಾರಾ ಶಾರ್ಪ್ ಟೋರ್ವಾಲ್ಡ್ಸ್ ಅವರ ಬೈಗುಳವನ್ನು ಬಹಿರಂಗವಾಗಿ ಪ್ರಶ್ನಿಸಿದರು. 2018ರ ಸೆಪ್ಟೆಂಬರ್‌ನಲ್ಲಿ ಟೋರ್ವಾಲ್ಡ್ಸ್ ತಮ್ಮ ನಡತೆಗೆ ಕ್ಷಮೆ ಕೇಳಿ ಕೆಲ ವಾರ ಬಿಡುವು ಪಡೆದರು. ಹೊಸ ನಡತೆ ಸಂಹಿತೆ ಜಾರಿಗೆ ಬಂತು. ನಿಯಮ ಮೆತ್ತಗಾಗಲಿಲ್ಲ, ಮಾತು ಒಂದಿಷ್ಟು ಮೆತ್ತಗಾಯಿತು.

ಭದ್ರತೆ ಮತ್ತು ವೇಗ

ಭದ್ರತೆಯವರು ಅಪಾಯ ಕಂಡರೆ ಪ್ರೋಗ್ರಾಂ ನಿಲ್ಲಲಿ ಎನ್ನುತ್ತಾರೆ. ಟೋರ್ವಾಲ್ಡ್ಸ್‌ಗೆ ಅದು ಒಪ್ಪಿಗೆಯಿಲ್ಲ. ಕರ್ನೆಲ್ ಮತ್ತು ಪ್ರೋಗ್ರಾಂ ನಡುವೆ ನಕಲಾಗುವ ಮೆಮೊರಿಗೆ ಕಡಿವಾಣ ಹಾಕುವ ಕೀಸ್ ಕುಕ್ ಅವರ ಪ್ಯಾಚ್‌ಗಳನ್ನು 2017ರ ನವೆಂಬರ್‌ನಲ್ಲಿ ಅವರು ತಿರಸ್ಕರಿಸಿದರು. ಮೊದಲು ಎಚ್ಚರಿಕೆ ಮಾತ್ರ ಕೊಡಿ, ಎಲ್ಲ ಸರಿಯಾಗಿದೆಯೆಂದು ಗೊತ್ತಾದ ಮೇಲೆ ಕೊಲ್ಲಿ ಎಂಬುದು ಅವರ ಷರತ್ತು. ಎಚ್ಚರಿಕೆಯ ದಾರಿ ಸೇರಿಸಿದ ಮೇಲೆ ಅವು 4.16ರಲ್ಲಿ ಒಳಬಂದವು. ಅದೇ 2017ರ ಜೂನ್‌ನಲ್ಲಿ ಸ್ಟ್ಯಾಕ್ ಕ್ಲ್ಯಾಶ್ ಎಂಬ ದೌರ್ಬಲ್ಯ ಬಯಲಾದಾಗ, ಸ್ಟ್ಯಾಕ್‌ನ ಕೆಳಗಿನ ಕಾವಲು ಜಾಗವನ್ನು ಒಂದು ಪುಟದಿಂದ 1 ಎಂಬಿಗೆ ಏರಿಸಿದ ತಿದ್ದುಪಡಿ 32 ಬಿಟ್ ಯಂತ್ರಗಳಲ್ಲಿ ಕೆಲವು ಜಾವಾ ಪ್ರೋಗ್ರಾಂಗಳನ್ನು ಕೆಡವಿತು. ಅಲ್ಲಿ ರಿವರ್ಟ್ ಮಾಡುವಂತಿರಲಿಲ್ಲ. ತಿದ್ದುಪಡಿಯನ್ನೇ ಮತ್ತೆ ಮತ್ತೆ ತಿದ್ದಬೇಕಾಯಿತು.

2018ರಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೌರ್ಬಲ್ಯಕ್ಕೆ ಪರಿಹಾರವಾಗಿ 4.20ರಲ್ಲಿ ಎಸ್‌ಟಿಐಬಿಪಿ ಎಂಬ ರಕ್ಷಣೆಯನ್ನು ಎಲ್ಲರಿಗೂ ಚಾಲೂ ಮಾಡಿದಾಗ ಕೆಲವು ಕೆಲಸಗಳ ವೇಗ ಅರ್ಧದಷ್ಟು ಕುಸಿಯಿತು. ಬೇಕಾದವರು ಮಾತ್ರ ಕೇಳಿ ಪಡೆಯಲಿ ಎಂದು ಟೋರ್ವಾಲ್ಡ್ಸ್ ಒತ್ತಾಯಿಸಿದರು, ಕೊನೆಗೆ ಹಾಗೆಯೇ ಆಯಿತು. ವೇಗದ ರಿಗ್ರೆಶನ್‌ಗೆ ಅದಕ್ಕೂ ಹಳೆಯ ಉದಾಹರಣೆ 2012ರ 3.6. ಪ್ರೊಸೆಸರ್ ಸಮಯ ಹಂಚುವ ಶೆಡ್ಯೂಲರ್‌ನ ಒಂದು ಸುಧಾರಣೆಯಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ಸುಮಾರು ಶೇ. 20ರಷ್ಟು ನಿಧಾನವಾಯಿತೆಂದು ದೂರು ಬಂದಾಗ, ಬಿಡುಗಡೆಗೆ ಮುನ್ನ ಅದನ್ನು ರಿವರ್ಟ್ ಮಾಡಲಾಯಿತು.

2024ರ ಫೆಬ್ರವರಿಯಿಂದ ಕರ್ನೆಲ್ ತಂಡವೇ ತನ್ನ ದೌರ್ಬಲ್ಯಗಳಿಗೆ ಸಿವಿಇ ಎಂಬ ಸಾರ್ವಜನಿಕ ಗುರುತು ಸಂಖ್ಯೆ ಕೊಡುತ್ತಿದೆ. ಯಾವ ತಿದ್ದುಪಡಿಯೂ ಭದ್ರತೆಗೆ ಸಂಬಂಧಪಟ್ಟದ್ದಾಗಿರಬಹುದು ಎಂಬ ನಿಲುವಿನಿಂದ ಸಂಖ್ಯೆಗಳು ಸಾವಿರಗಟ್ಟಲೆ ಹೊರಬೀಳುತ್ತಿವೆ. ಹಳೆಯ ಕರ್ನೆಲ್ ಇಟ್ಟುಕೊಂಡು ಆಯ್ದ ತಿದ್ದುಪಡಿ ಮಾತ್ರ ಹಾಕುವ ಕಂಪನಿಗಳಿಗೆ ಇದು ತಲೆನೋವು. ಆ ಪದ್ಧತಿಯೇ ಸರಿಯಿಲ್ಲ ಎಂಬುದು ಕ್ರೋ-ಹಾರ್ಟ್‌ಮನ್ ಅವರ ಹಳೆಯ ವಾದ.

ಅಪರಾಧಿಯ ಪತ್ತೆ

ರಿವರ್ಟ್ ಮಾಡಬೇಕಾದರೆ ಮೊದಲು ಕೆಡಿಸಿದ ಪ್ಯಾಚ್ ಸಿಗಬೇಕು. ಟೋರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್‌ನ ಬೈಸೆಕ್ಟ್ ಸೌಲಭ್ಯ ಇದನ್ನು ಸುಲಭ ಮಾಡಿದೆ. ಒಳ್ಳೆಯ ಮತ್ತು ಕೆಟ್ಟ ಆವೃತ್ತಿಗಳ ನಡುವಿನ ಹಾದಿಯನ್ನು ಪ್ರತಿ ಸಲ ಅರ್ಧಕ್ಕೆ ಕಡಿಯುತ್ತ ಹೋದರೆ 13,000 ಬದಲಾವಣೆಗಳ ನಡುವಿನಿಂದ ಒಂದನ್ನು ಸುಮಾರು 14 ಪರೀಕ್ಷೆಗಳಲ್ಲಿ ಹಿಡಿಯಬಹುದು. ಆದರೆ ಒಂದೊಂದು ಪರೀಕ್ಷೆಗೂ ಕರ್ನೆಲ್ ಕಟ್ಟಿ ಬೂಟ್ ಮಾಡಬೇಕು, ಆ ಶ್ರಮ ದೂರು ಕೊಟ್ಟ ಬಳಕೆದಾರರ ಪಾಲಿಗೇ ಬರುತ್ತದೆ. ಕೆಲವೊಮ್ಮೆ ಒಂದು ಪರೀಕ್ಷೆಗೂ ಧೈರ್ಯ ಸಾಲದು. 2008ರಲ್ಲಿ 2.6.27ರ ಆರ್‌ಸಿ ಹಾಕಿಕೊಂಡವರ ಇಂಟೆಲ್ ನೆಟ್‌ವರ್ಕ್ ಕಾರ್ಡ್‌ಗಳ ಒಳಗಿನ ಕಾಯಂ ಮೆಮೊರಿಯೇ ಅಳಿಸಿಹೋಗುತ್ತಿತ್ತು. ಕಾರ್ಡ್ ಸತ್ತ ಮೇಲೆ ಮತ್ತೆ ಪರೀಕ್ಷಿಸುವುದು ಎಲ್ಲಿಂದ? ಎಲ್ಲರೂ ಕಾರ್ಡಿನ ಡ್ರೈವರ್ ಮೇಲೆ ಗುಮಾನಿಪಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ಅದಕ್ಕೆ ಸಂಬಂಧವೇ ಇಲ್ಲದ ಎಫ್‌ಟ್ರೇಸ್: ಕೋಡನ್ನು ಚಾಲನೆಯಲ್ಲಿರುವಾಗಲೇ ತಿದ್ದುವ ಅದು, ಬಿಡುಗಡೆಯಾದ ಮೆಮೊರಿ ಜಾಗಕ್ಕೆ ಬಂದು ಕೂತ ಕಾರ್ಡಿನ ಮೇಲೆ ಬರೆದುಬಿಡುತ್ತಿತ್ತು. 2021ರ ಮಾರ್ಚ್‌ನಲ್ಲಿ 5.12ರ ಮೊದಲ ಆರ್‌ಸಿ, ಸ್ವಾಪ್ ಫೈಲ್ ಬಳಸುವವರ ಡಿಸ್ಕಿನಲ್ಲಿ ತಪ್ಪು ಜಾಗಕ್ಕೆ ಬರೆದು ಫೈಲ್ ಸಿಸ್ಟಂ ಹಾಳುಮಾಡಿದಾಗ, ಅದರ ಹೆಸರಿಗೇ ಬಳಸಬೇಡಿ ಎಂಬ ಅರ್ಥದ ಬಾಲ ಅಂಟಿಸಬೇಕಾಯಿತು.

ಇತರ ಕರ್ನೆಲ್‌ಗಳಲ್ಲಿ

ಹಳೆಯ ಪ್ರೋಗ್ರಾಂಗಳಿಗೆ ಬಗ್ಗುವುದರಲ್ಲಿ ಮೈಕ್ರೋಸಾಫ್ಟ್ ಲಿನಕ್ಸ್‌ಗಿಂತಲೂ ಮುಂದೆ ಹೋಗಿತ್ತು. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಓದುವ ದೋಷವಿದ್ದ ಸಿಮ್‌ಸಿಟಿ ಆಟ ನಡೆಯಲೆಂದು, ಅದು ಚಾಲೂ ಆದಾಗ ಮಾತ್ರ ಬೇರೆ ರೀತಿ ವರ್ತಿಸುವ ಏರ್ಪಾಡು ವಿಂಡೋಸ್ 95ರಲ್ಲಿತ್ತು. ಓಪನ್‌ಬಿಎಸ್‌ಡಿ ಇದರ ನೇರ ಎದುರು. ಕರ್ನೆಲ್ ಮತ್ತು ಮೂಲ ಪ್ರೋಗ್ರಾಂಗಳನ್ನು ಒಂದೇ ತಂಡ ಒಂದೇ ಕಡೆ ಬರೆಯುವುದರಿಂದ ಎರಡನ್ನೂ ಒಟ್ಟಿಗೆ ಬದಲಿಸಿ, ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿ ಎನ್ನುವುದು ಅದಕ್ಕೆ ಸಾಧ್ಯ. 2014ರ 5.5 ಆವೃತ್ತಿಯಲ್ಲಿ ಕಾಲಗಣನೆಯನ್ನು ಎಲ್ಲ ಯಂತ್ರಗಳಲ್ಲೂ 64 ಬಿಟ್‌ಗೆ ಏರಿಸಿ, 32 ಬಿಟ್ ಕಾಲಗಣನೆ ತುಂಬಿಹೋಗುವ 2038ರ ಸಮಸ್ಯೆಯನ್ನು ಒಂದೇ ಏಟಿಗೆ ದಾಟಿತು. ಹಳೆಯ ಪ್ರೋಗ್ರಾಂಗಳಿಗೆ ಜಾಗ ಉಳಿಸುತ್ತ ಸಾಗಿದ ಲಿನಕ್ಸ್‌ಗೆ 32 ಬಿಟ್ ಯಂತ್ರಗಳಲ್ಲಿ ಅದೇ ಕೆಲಸಕ್ಕೆ 2020ರ 5.6 ಆವೃತ್ತಿಯವರೆಗೆ ಹಿಡಿಯಿತು.

ಆಪಲ್ ಭರವಸೆ ಕೊಡುವುದು ತನ್ನ ಲೈಬ್ರರಿಯ ಮಟ್ಟದಲ್ಲಿ ಮಾತ್ರ. ಕರ್ನೆಲ್‌ನ ಸಿಸ್ಟಂ ಕಾಲ್‌ಗಳು ಯಾವಾಗ ಬೇಕಾದರೂ ಬದಲಾಗಬಹುದು. ಲಿನಕ್ಸ್‌ನಲ್ಲಿ ರೂಢಿಯಾದಂತೆ ನೇರವಾಗಿ ಸಿಸ್ಟಂ ಕಾಲ್ ಮಾಡುತ್ತಿದ್ದ ಗೋ ಭಾಷೆಯ ಪ್ರೋಗ್ರಾಂಗಳು, 2016ರಲ್ಲಿ ಮ್ಯಾಕ್ಓಎಸ್ ಸಿಯೆರಾ ಸಮಯ ಕೇಳುವ ಕಾಲ್‌ನ ಒಳರೂಪ ಬದಲಿಸಿದಾಗ ಕುಸಿದುಬಿದ್ದವು. ಅಲ್ಲಿ ಯಾರೂ ರಿವರ್ಟ್ ಕೇಳಲು ಹೋಗಲಿಲ್ಲ. ಗೋ ತಂಡ ತನ್ನ ಕೋಡ್ ಬದಲಿಸಿಕೊಂಡು, 2018ರ 1.11 ಆವೃತ್ತಿಯಿಂದ ಆಪಲ್‌ನ ಲೈಬ್ರರಿಯ ಮೂಲಕವೇ ಹೋಗತೊಡಗಿತು.